ಲ್ಯಾಪ್‌ಟಾಪಿನ ಶಾಖವೂ ಅದರ ಫ್ಯಾನಿನ ಹತೋಟಿಯೂ

ಕಳೆದ ಬೇಸಗೆಯಲ್ಲಿ ನಮ್ಮ ಶಾಲೆಯ ಕಚೇರಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವು ಹುಟ್ಟಿತು. ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸುವ ಕೆಲಸವನ್ನು ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿದ್ದೆನು. ಅವಳು ಬೆಳಿಗ್ಗೆಯಿಂದ ಶ್ರದ್ಧೆಯಿಂದ ಬೆರಳಚ್ಚಿಸುತ್ತಿರಲು, ಮಧ್ಯಾಹ್ನದ ಹೊತ್ತಿಗೆ ಯಂತ್ರವು ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ಆರಿಹೋಯಿತು. ಕಾದಿಡದೆ ಇದ್ದ ಇನ್ನೂರು ಪುಸ್ತಕಗಳ ಹೆಸರುಗಳು ಅದರೊಂದಿಗೆ ಹೋದವು. ಅವಳು ಯಾವದೋ ಒತ್ತಬಾರದ ಕೀಲಿಯನ್ನು ಒತ್ತಿರಬೇಕೆಂದು ಭಾವಿಸಿ ನಾನು ಅವಳನ್ನು ಗದರಿಸಿದೆನು. ಅವಳು ಎದುರಾಡಲಿಲ್ಲ, ಕಣ್ಣೀರು ತಂದುಕೊಂಡು ಮನೆಗೆ ಹೋದಳು. ಆದರೆ ಮರುದಿನ ನಾನೇ ಕುಳಿತು ಅದೇ ಕೆಲಸವನ್ನು ಮಾಡುತ್ತಿರುವಾಗ ಯಂತ್ರವು ನನ್ನ ಕೈಯಲ್ಲಿಯೂ ಹಾಗೆಯೇ ಆರಿತು. ಅದರ ತಳವನ್ನು ಮುಟ್ಟಿ ನೋಡಲು ಆಗಲೇ ಒಲೆಯಿಂದಿಳಿಸಿದ ಹಂಚಿನಂತೆ ಸುಡುತ್ತಿತ್ತು. ಮೇಜಿಗೆ ಗೀರು ಬೀಳಬಾರದೆಂದು ಅದರ ಕೆಳಗೆ ದಪ್ಪವಾದ ಮಕ್‌ಮಲ್ ಬಟ್ಟೆಯನ್ನು ಹಾಸಿದ್ದವಳು ನಾನೇ. ಆ ಬಟ್ಟೆಯು ಯಂತ್ರದ ಉಸಿರಾಟದ ಬಾಯನ್ನೇ ಮುಚ್ಚಿತ್ತು.

ತಪ್ಪು ಯಾರದೆಂದು ತಿಳಿದ ಮೇಲೆ ಅದರ ಕಾರಣವನ್ನೂ ಪೂರ್ಣವಾಗಿ ತಿಳಿಯಬೇಕೆಂಬ ಹಂಬಲವು ಹುಟ್ಟಿತು. ಹಾಗೆ ಕಲಿತದ್ದನ್ನು ನಮ್ಮ ವಿದ್ಯಾರ್ಥಿನಿಯರಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ಶಾಖವು ಎಲ್ಲಿಂದ ಬರುವದೆಂಬದನ್ನು ನೋಡೋಣ. ಲ್ಯಾಪ್‌ಟಾಪಿನೊಳಗೆ ಲೆಕ್ಕಾಚಾರವನ್ನೆಲ್ಲಾ ಮಾಡುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಅದರಲ್ಲಿ ಟ್ರಾನ್ಸಿಸ್ಟರುಗಳೆಂಬ ಅತಿ ಸೂಕ್ಷ್ಮವಾದ ವಿದ್ಯುತ್ ಬಾಗಿಲುಗಳು ಕೋಟಿಗಟ್ಟಲೆ ಇರುವವು. ಅವು ಸೆಕೆಂಡಿಗೆ ನೂರಾರು ಕೋಟಿ ಸಾರಿ ತೆರೆದು ಮುಚ್ಚುವದರಿಂದಲೇ ಯಂತ್ರವು ಕೆಲಸ ಮಾಡುವದು. ಹೀಗೆ ತೆರೆದು ಮುಚ್ಚುವಾಗ ವ್ಯಯವಾಗುವ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಎಲ್ಲವೂ ಕೊನೆಗೆ ಶಾಖವಾಗಿಯೇ ಪರಿಣಮಿಸುವದು. ಸಾಧಾರಣವಾದ ಲ್ಯಾಪ್‌ಟಾಪಿನ ಪ್ರೊಸೆಸರು 15ರಿಂದ 45 ವ್ಯಾಟುಗಳಷ್ಟು ವಿದ್ಯುತ್ತನ್ನು ತೆಗೆದುಕೊಳ್ಳುವದು. ಇದು ದೊಡ್ಡ ಮೊತ್ತವಲ್ಲ. ಆದರೆ ಅಷ್ಟೂ ಶಾಖವು ಹೆಬ್ಬೆರಳಿನ ಉಗುರಿನಷ್ಟು ಸಣ್ಣದಾದ ಒಂದು ತುಣುಕಿನಿಂದ ಹೊರಬರಬೇಕಾಗಿರುವದೇ ಕಷ್ಟಕ್ಕೆ ಕಾರಣವು.

ಈ ಶಾಖವನ್ನು ಹೊರಕ್ಕೆ ಸಾಗಿಸುವ ಏರ್ಪಾಡು ಬಹಳ ಚಮತ್ಕಾರವಾದದ್ದು. ಪ್ರೊಸೆಸರಿನ ಮೇಲೆ ಒಂದು ಬಗೆಯ ಲೇಪವನ್ನು ಸವರಿ, ಅದರ ಮೇಲೆ ತಾಮ್ರದ ತಗಡನ್ನು ಒತ್ತಿ ಕೂರಿಸಿರುವರು. ಎರಡು ಮೈಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ನಿಂತರೆ ಶಾಖವು ದಾಟಲಾರದಾದದರಿಂದ ಈ ಲೇಪವು ಅವಶ್ಯ. ತಗಡಿಗೆ ಹೊಂದಿಕೊಂಡು ಹೀಟ್ ಪೈಪ್ ಎಂಬ ಚಪ್ಪಟೆಯಾದ ತಾಮ್ರದ ಕೊಳವೆ ಇರುವದು. ಆ ಕೊಳವೆಯೊಳಗಿನ ಗಾಳಿಯನ್ನು ತೆಗೆದು, ಸ್ವಲ್ಪವೇ ನೀರನ್ನು ಬಿಟ್ಟು, ಎರಡು ಕೊನೆಗಳನ್ನೂ ಭದ್ರವಾಗಿ ಮುಚ್ಚಿರುವರು. ಒತ್ತಡವು ಕಡಿಮೆಯಾದಲ್ಲಿ ನೀರು 100 ಡಿಗ್ರಿಗಿಂತ ಕೆಳಗೇ ಕುದಿಯುವದೆಂಬದನ್ನು ನಮ್ಮ ಬಾಲಿಕೆಯರು ಭೌತಶಾಸ್ತ್ರದ ಪಾಠದಲ್ಲಿ ಓದಿರುವರಷ್ಟೆ. ಅದರಂತೆ ಬಿಸಿಯಾದ ಕೊನೆಯಲ್ಲಿ ನೀರು ಆವಿಯಾಗಿ ತಣ್ಣಗಿರುವ ಕೊನೆಗೆ ಓಡಿ, ಅಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟು ಪುನಃ ನೀರಾಗುವದು. ಕೊಳವೆಯ ಒಳಗೋಡೆಯ ರಂಧ್ರಮಯವಾದ ಪದರವು, ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ, ಆ ನೀರನ್ನು ಬಿಸಿಯಾದ ಕೊನೆಗೆ ಮರಳಿ ಸೆಳೆಯುವದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿಯು 1963ರಲ್ಲಿ ಇಂಥ ಕೊಳವೆಯನ್ನು ರಚಿಸಿ ತೋರಿಸಿದನು. ಕೊಳವೆಯ ತಣ್ಣಗಿರುವ ಕೊನೆಯಲ್ಲಿ ತೆಳುವಾದ ಲೋಹದ ಹಾಳೆಗಳ ಒಂದು ಸಾಲು. ಅದರ ಪಕ್ಕದಲ್ಲಿ ಫ್ಯಾನು. ಈ ಫ್ಯಾನು ಕೆಳಗಣ ರಂಧ್ರಗಳಿಂದ ಗಾಳಿಯನ್ನು ಎಳೆದುಕೊಂಡು ಹಾಳೆಗಳ ನಡುವೆ ನೂಕುವದು. ಪಕ್ಕದಿಂದಲೋ ಹಿಂದಿನಿಂದಲೋ ಹೊರಬರುವ ಬಿಸಿಗಾಳಿಯು ಇದೇ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಫ್ಯಾನು ಯಂತ್ರವನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಒಂದೇ ಕೆಲಸ ಮತ್ತು ಒಂದೇ ವೇಗದಲ್ಲಿ ಪ್ರೊಸೆಸರಿನ ಉಷ್ಣತೆಯು ಕೋಣೆಯ ಉಷ್ಣತೆಗಿಂತ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಮೇಲಿರುವದು. ಕೋಣೆಯು 25 ಡಿಗ್ರಿ ಇರುವಾಗ ಪ್ರೊಸೆಸರು 85 ಡಿಗ್ರಿಗೆ ಏರುವದಾದರೆ, ಕೋಣೆಯು 35 ಡಿಗ್ರಿ ಆದಾಗ ಅದು ಸುಮಾರು 95 ಡಿಗ್ರಿಗೆ ಏರುವದು. ಚಳಿಗಾಲದಲ್ಲಿ ನೆಟ್ಟಗೆ ನಡೆದ ಯಂತ್ರವು ಬೇಸಗೆಯಲ್ಲಿ ಏಕೆ ಸೋಲುವದೆಂಬದು ಇದರಿಂದ ಸ್ಪಷ್ಟವಾಗುವದು.

ಫ್ಯಾನಿನ ವೇಗವನ್ನು ನಿರ್ಣಯಿಸುವವರು ಯಾರು? ಎಂಬೆಡೆಡ್ ಕಂಟ್ರೋಲರ್ ಎಂಬ ಚಿಕ್ಕ ನಿಯಾಮಕವು ಯಂತ್ರದಲ್ಲಿಯೇ ಇದ್ದು, ಉಷ್ಣಮಾಪಕಗಳನ್ನು ಎಡೆಬಿಡದೆ ಓದುತ್ತಾ, ತಯಾರಕರು ಬರೆದಿಟ್ಟ ಕೋಷ್ಟಕದ ಪ್ರಕಾರ ವೇಗವನ್ನು ಏರಿಸಿ ಇಳಿಸುವದು. ನಾಲ್ಕು ತಂತಿಗಳ ಫ್ಯಾನಿನಲ್ಲಿ ವೇಗದ ಆಜ್ಞೆಯು ಸೆಕೆಂಡಿಗೆ ಸುಮಾರು 25,000 ಸಾರಿ ಹತ್ತಿ ಆರುವ ವಿದ್ಯುತ್ ಸಂಕೇತದ ರೂಪದಲ್ಲಿ ಹೋಗುವದು. ಹತ್ತಿರುವ ಕಾಲವು ಹೆಚ್ಚಾದಂತೆ ವೇಗವೂ ಹೆಚ್ಚುವದು. ಮನುಷ್ಯನ ಕಿವಿಯು 20,000ಕ್ಕಿಂತ ಮೇಲಿನ ಕಂಪನವನ್ನು ಕೇಳಲಾರದಾದದರಿಂದ ಆ ಸಂಕೇತದ ಸದ್ದು ನಮಗೆ ತಿಳಿಯದು. ಇನ್ನೊಂದು ತಂತಿಯು ಫ್ಯಾನು ಎಷ್ಟು ಸುತ್ತುಗಳನ್ನು ತಿರುಗಿತೆಂಬ ವರದಿಯನ್ನು ಹಿಂದಕ್ಕೆ ತರುವದು.

ಫ್ಯಾನು ಸಾಲದೆ ಹೋದರೆ ಪ್ರೊಸೆಸರಿಗೆ ತನ್ನದೇ ಆದ ರಕ್ಷಣೆಯೂ ಉಂಟು. ಅನೇಕ ಪ್ರೊಸೆಸರುಗಳಲ್ಲಿ ಸುಮಾರು 95ರಿಂದ 100 ಡಿಗ್ರಿಗಳಲ್ಲಿ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವದು. ಆಗ ಯಂತ್ರವು ಮಂದವಾಯಿತೆಂದು ನಮಗೆ ತೋರುವದು. ಉಷ್ಣತೆಯು ಅದಕ್ಕೂ ಮೀರಿದರೆ ಸುಟ್ಟುಹೋಗುವದನ್ನು ತಪ್ಪಿಸಲಿಕ್ಕಾಗಿ ಯಂತ್ರವು ಒಮ್ಮೆಲೇ ಆರಿಹೋಗುವದು. ಆ ದಿನ ನಮ್ಮ ಕಚೇರಿಯಲ್ಲಿ ನಡೆದದ್ದು ಇದೇ. ಯಂತ್ರವು ತನ್ನ ಪ್ರಾಣವನ್ನು ಉಳಿಸಿಕೊಂಡಿತು. ಹುಡುಗಿಯ ಕೆಲಸವು ಹೋಯಿತು.

ನಿಯಾಮಕವು ಇಷ್ಟು ಚೆನ್ನಾಗಿ ನಡಿಸುತ್ತಿರುವಾಗ ನಾವು ಕೈಹಾಕುವದೇಕೆಂದು ಕೇಳಬಹುದು. ತಯಾರಕರು ಶಾಖವನ್ನು ಮಾತ್ರ ನೋಡುವದಿಲ್ಲ; ಸದ್ದು ಕಡಿಮೆಯಾಗಿರಬೇಕೆಂದೂ ಬ್ಯಾಟರಿಯು ಬಹಳ ಹೊತ್ತು ಬರಬೇಕೆಂದೂ ಎಣಿಸಿ, ಫ್ಯಾನು ತಡವಾಗಿ ವೇಗಗೊಳ್ಳುವಂತೆ ಕೋಷ್ಟಕವನ್ನು ಬರೆಯುವದುಂಟು. ಅದು ತಂಪಾದ ಕೋಣೆಗೆ ಸರಿಹೋದೀತು. ಹಂಚಿನ ಮಾಡಿನ ಕೆಳಗೆ ಬೇಸಗೆಯ ಮಧ್ಯಾಹ್ನ ನಡೆಯುವ ಹಳೆಯ ಯಂತ್ರಕ್ಕೆ ಸಾಲದು. ಅಂಥಲ್ಲಿ ಫ್ಯಾನನ್ನು ಮುಂಚಿತವಾಗಿ ವೇಗಗೊಳಿಸುವದು ಹಿತಕರವು.

ಆದರೂ ಫ್ಯಾನಿಗೆ ಆಜ್ಞೆ ಕೊಡುವದಕ್ಕೆ ಮುಂಚೆ ಮಾಡತಕ್ಕ ಕೆಲಸಗಳಿವೆ. ಯಂತ್ರವನ್ನು ಗಟ್ಟಿಯಾದ ಸಮತಟ್ಟಿನ ಮೇಲಿಟ್ಟು ಹಿಂಭಾಗವನ್ನು ಎರಡು ಬೆರಳು ಎತ್ತರಿಸಬೇಕು. ಹಾಸಿಗೆ, ದಿಂಬು, ದಪ್ಪ ಬಟ್ಟೆ ಇವುಗಳ ಮೇಲೆ ಇಡಕೂಡದು. ಹಾಳೆಗಳ ನಡುವೆ ಧೂಳು ತುಂಬಿದ್ದರೆ ಫ್ಯಾನು ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಯಂತ್ರವನ್ನು ಆರಿಸಿ, ವಿದ್ಯುತ್ ಸಂಬಂಧವನ್ನೂ ಬ್ಯಾಟರಿಯನ್ನೂ ಬಿಡಿಸಿದ ಮೇಲೆ, ತಿಳಿದವರ ಕೈಯಿಂದ ಅದನ್ನು ತೆಗೆಯಿಸಬೇಕು. ಗಾಳಿಯನ್ನು ಊದುವಾಗ ಫ್ಯಾನಿನ ದಳಗಳು ತಿರುಗದಂತೆ ಹಿಡಿದಿರಬೇಕು. ಇಲ್ಲವಾದರೆ ಮಿತಿಮೀರಿದ ವೇಗದಿಂದ ಅದರ ಅಚ್ಚು ಕೆಡಬಹುದು. ಹಲವು ವರ್ಷಗಳ ಯಂತ್ರವಾದರೆ ಒಣಗಿದ ಲೇಪವನ್ನು ಒರಸಿ ಹೊಸದನ್ನು ಹಚ್ಚಿಸುವದೂ ಒಳ್ಳೇದು.

ಇಷ್ಟಾದ ಮೇಲೂ ಶಾಖವು ಹೆಚ್ಚಾಗಿದ್ದರೆ ಫ್ಯಾನಿನ ಹತೋಟಿಯನ್ನು ನಾವು ತೆಗೆದುಕೊಳ್ಳಬಹುದು. ಇದಕ್ಕೆ ಚೆನ್ನಾದ ಉದಾಹರಣೆಯು ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಯುವ ತಿಂಕ್‌ಪ್ಯಾಡ್ ಯಂತ್ರಗಳು. ಮೊದಲು ಸೆನ್ಸರ್ಸ್ ಎಂಬ ಆಜ್ಞೆಯಿಂದ ಉಷ್ಣತೆಯನ್ನೂ ಫ್ಯಾನಿನ ಸುತ್ತುಗಳನ್ನೂ ಓದಿ, ಸುಮ್ಮನಿರುವಾಗ ಎಷ್ಟು, ಕೆಲಸವಿರುವಾಗ ಎಷ್ಟು ಎಂದು ಬರೆದಿಡಬೇಕು. ತಿಂಕ್‌ಪ್ಯಾಡ್ ಎಸಿಪಿಐ ಎಂಬ ಚಾಲಕ ಪ್ರೋಗ್ರಾಮು ಫ್ಯಾನಿನ ಮೇಲಣ ಅಧಿಕಾರವನ್ನು ಸುರಕ್ಷತೆಗಾಗಿ ಸಾಮಾನ್ಯವಾಗಿ ಮುಚ್ಚಿಟ್ಟಿರುವದು. ಅದರ ಫ್ಯಾನ್ ಕಂಟ್ರೋಲ್ ಎಂಬ ಆಯ್ಕೆಗೆ 1 ಎಂಬ ಬೆಲೆಯನ್ನು ಕೊಟ್ಟು ಚಾಲಕವನ್ನು ಪುನಃ ತುಂಬಿದರೆ ಮಾತ್ರ ಬಾಗಿಲು ತೆರೆಯುವದು. ಅನಂತರ 0ಯಿಂದ 7ರ ವರೆಗಿನ ಮಟ್ಟಗಳಲ್ಲಿ ಒಂದನ್ನು ಆರಿಸಬಹುದು. 0 ಎಂದರೆ ಫ್ಯಾನು ನಿಲ್ಲುವದು. 7 ಎಂದರೆ ಆ ಮಟ್ಟಗಳಲ್ಲಿ ಅತ್ಯಧಿಕ ವೇಗವು. ಆಟೋ ಎಂದರೆ ಅಧಿಕಾರವನ್ನು ನಿಯಾಮಕಕ್ಕೇ ಹಿಂದಿರುಗಿಸಿದಂತಾಯಿತು.

ಈ ಚಾಲಕದಲ್ಲಿ ಮೆಚ್ಚತಕ್ಕ ಒಂದು ಕಾವಲು ಉಂಟು. 1ರಿಂದ 120 ಸೆಕೆಂಡುಗಳೊಳಗೆ ಒಂದು ಅವಧಿಯನ್ನು ನಾವು ಗೊತ್ತುಮಾಡಿದರೆ, ಅಷ್ಟರೊಳಗೆ ಹೊಸ ಆಜ್ಞೆಯು ಬಾರದೆ ಇದ್ದಾಗ ಚಾಲಕವು ಫ್ಯಾನನ್ನು ತಾನಾಗಿಯೇ ಸುರಕ್ಷಿತವಾದ ಸ್ಥಿತಿಗೆ ತರುವದು. ಆಜ್ಞೆ ಕೊಡುವವನು ನಿದ್ದೆಹೋದರೂ ಯಂತ್ರವು ಬೇಯಕೂಡದೆಂಬದೇ ಇದರ ತಾತ್ಪರ್ಯ.

ಮನುಷ್ಯನು ದಿನವೆಲ್ಲಾ ಕುಳಿತು ಮಟ್ಟಗಳನ್ನು ಬದಲಾಯಿಸುವದು ಸಾಧ್ಯವಲ್ಲ. ಆದಕಾರಣ ತಿಂಕ್‌ಫ್ಯಾನ್ ಎಂಬ ಪ್ರೋಗ್ರಾಮಿಗೆ ನಮ್ಮದೇ ಕೋಷ್ಟಕವನ್ನು ಬರೆದುಕೊಡುವದುಂಟು. ಅದನ್ನು ಬರೆಯುವಾಗ ಏರುವ ಗಡಿಯನ್ನೂ ಇಳಿಯುವ ಗಡಿಯನ್ನೂ ಬೇರೆಬೇರೆಯಾಗಿಡಬೇಕು. 60 ಡಿಗ್ರಿಯಲ್ಲಿ ವೇಗವನ್ನು ಏರಿಸುವದಾದರೆ 53 ಡಿಗ್ರಿಗೆ ಬಂದ ಮೇಲೆಯೇ ಇಳಿಸಬೇಕು. ಎರಡೂ 60 ಆದರೆ ಉಷ್ಣತೆಯು 59ಕ್ಕೂ 61ಕ್ಕೂ ತೂಗಾಡುವಾಗ ಫ್ಯಾನೂ ಕ್ಷಣಕ್ಷಣಕ್ಕೆ ಕೂಗುವದು, ಸುಮ್ಮನಾಗುವದು. ಒಂದೊಂದು ಗಾಳಿಗೂ ಕಿಟಕಿಯನ್ನು ತೆರೆದು ಮುಚ್ಚುವ ಮನೆಯಲ್ಲಿ ನೆಮ್ಮದಿ ಎಲ್ಲಿಯದು?

ವಿಂಡೋಸ್ ವ್ಯವಸ್ಥೆಗೆ ನೋಟ್‌ಬುಕ್ ಫ್ಯಾನ್ ಕಂಟ್ರೋಲ್, ಆಪಲ್ ಯಂತ್ರಗಳಿಗೆ ಮ್ಯಾಕ್ಸ್ ಫ್ಯಾನ್ ಕಂಟ್ರೋಲ್ ಎಂಬವು ಇಂಥವೇ. ಆದರೆ ಎಲ್ಲಾ ಯಂತ್ರಗಳೂ ಈ ಅಧಿಕಾರವನ್ನು ಕೊಡುವದಿಲ್ಲ. 2020ರಲ್ಲಿ ಬಂದ ಎಂ1 ಪ್ರೊಸೆಸರಿನ ಮ್ಯಾಕ್‌ಬುಕ್ ಏರ್ ಯಂತ್ರದಲ್ಲಿ ಫ್ಯಾನೇ ಇಲ್ಲ. ಆದದರಿಂದ ತನ್ನ ಯಂತ್ರಕ್ಕೆ ಯಾವದು ಹೊಂದುವದೆಂದು ವಿಚಾರಿಸದೆ ಯಾರೂ ಕೈಹಾಕಬಾರದು.

ಇನ್ನು ಕೆಲವು ಎಚ್ಚರಿಕೆಗಳನ್ನು ಹೇಳುವೆನು. ಸದ್ದು ಬೇಡವೆಂದು ಫ್ಯಾನನ್ನು 0 ಮಟ್ಟದಲ್ಲಿಟ್ಟು ಮರೆಯುವದು ಎಲ್ಲಕ್ಕಿಂತ ದೊಡ್ಡ ಅಪಾಯವು. ಎರಡು ಪ್ರೋಗ್ರಾಮುಗಳು ಒಂದೇ ಫ್ಯಾನನ್ನು ಆಳಲು ಹೋಗಕೂಡದು. ಯಂತ್ರವು ನಿದ್ರಾವಸ್ಥೆಯಿಂದ ಎದ್ದ ಮೇಲೆ ನಮ್ಮ ಆಜ್ಞೆಯು ಉಳಿದಿದೆಯೋ ಇಲ್ಲವೋ ಎಂದು ಪುನಃ ನೋಡಬೇಕು. ಹಾಗೆಯೇ ಸದಾಕಾಲವೂ ಅತ್ಯಧಿಕ ವೇಗದಲ್ಲಿ ಓಡಿಸುವದೂ ವಿವೇಕವಲ್ಲ. ವೇಗವು ಎರಡರಷ್ಟಾದರೆ ಗಾಳಿಯು ಎರಡರಷ್ಟೇ ಆಗುವದು. ಆದರೆ ಬೇಕಾಗುವ ಶಕ್ತಿಯು ಎಂಟರಷ್ಟಾಗುವದು, ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚುವದು, ಅಚ್ಚು ಬೇಗ ಸವೆಯುವದು, ಧೂಳೂ ಹೆಚ್ಚು ಸೇರುವದು. ಸಾಕಾಗುವಷ್ಟು ವೇಗವೇ ಸರಿಯಾದ ವೇಗವು.

ನಮ್ಮ ಕಚೇರಿಯಲ್ಲಿ ಮಾಡಿದ್ದನ್ನೂ ಹೇಳಿ ಮುಗಿಸುವೆನು. ಬಟ್ಟೆಯನ್ನು ತೆಗೆದು ಧೂಳನ್ನು ಬಿಡಿಸಿದ ಮಾತ್ರಕ್ಕೆ, ಅದೇ ಕೆಲಸದಲ್ಲಿ 97 ಡಿಗ್ರಿಗೆ ಏರುತ್ತಿದ್ದ ಉಷ್ಣತೆಯು 86ಕ್ಕೆ ಇಳಿಯಿತು. ಆ ಯಂತ್ರಕ್ಕೆ ಹೊಂದುವ ಪ್ರೋಗ್ರಾಮಿನಿಂದ ಫ್ಯಾನು ಸ್ವಲ್ಪ ಮುಂಚಿತವಾಗಿ ವೇಗಗೊಳ್ಳುವಂತೆ ಮಾಡಲು 79ರ ಆಸುಪಾಸಿನಲ್ಲಿ ನಿಂತಿತು. ಇದರಲ್ಲಿ ಹೆಚ್ಚಿನ ಪಾಲು ಬಟ್ಟೆಯೂ ಧೂಳೂ ಮಾಡಿದ ಕೆಡುಕಾಗಿತ್ತೆಂಬದನ್ನು ವಾಚಕರು ಗಮನಿಸಬೇಕು. ಯಂತ್ರದ ಸ್ವಯಂ ನಿಯಾಮಕದಿಂದ ಅಧಿಕಾರವನ್ನು ತೆಗೆದುಕೊಂಡವರು ಅದರ ಹೊಣೆಯನ್ನೂ ತೆಗೆದುಕೊಂಡಂತೆಯೇ ಸರಿ. ಓದಿ ನೋಡದೆ ಆಜ್ಞೆ ಕೊಡುವ ಹಕ್ಕು ಯಾರಿಗೂ ಇಲ್ಲ. ಈ ಮಾತು ಫ್ಯಾನಿಗೆ ಮಾತ್ರವೇ ಅಲ್ಲ, ವಿಚಾರಿಸದೆ ಗದರಿಸುವ ಉಪಾಧ್ಯಾಯಿನಿಗೂ ಸಲ್ಲುವದು.

ಆ ವಿದ್ಯಾರ್ಥಿನಿಯನ್ನು ನಾನು ಕರೆದು, ತರಗತಿಯವರೆಲ್ಲರ ಮುಂದೆಯೇ, ತಪ್ಪು ನನ್ನದೆಂದು ಒಪ್ಪಿಕೊಂಡೆನು. ಈಗ ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕವಿದೆ. ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ಫ್ಯಾನಿನ ಸುತ್ತುಗಳು ಇವುಗಳನ್ನು ದಿನವೂ ಅದರಲ್ಲಿ ಬರೆದಿಡುವವಳು ಅವಳೇ. ವಾಚನಾಲಯದ ಪಟ್ಟಿಯೂ ಪೂರ್ಣವಾಗಿದೆ. ಹತ್ತು ಹತ್ತು ಹೆಸರುಗಳಿಗೊಮ್ಮೆ ಬರೆದದ್ದನ್ನು ಕಾದಿಡಬೇಕೆಂಬ ನಿಯಮವನ್ನು ಅವಳು ತಾನಾಗಿಯೇ ಮಾಡಿಕೊಂಡು ಈಗ ನನಗೂ ಕಲಿಸಿರುವಳು.