ಎರಡೂ ತುದಿಗೆ ಪಿನ್ ಇರುವ ವೈರು

ಮೊಳಕಾಲ್ಮೂರು ಸೀಮೆಯ ಟೀ ಅಂಗಡಿಗಳಲ್ಲಿ ಕರೆಂಟ್ ಹೋದಾಗ ಈಗೊಂದು ಹೊಸ ಮಾತು ಕೇಳಿಬರುತ್ತದೆ: "ಎಲೆಕ್ಟ್ರಿಕ್ ಗೂಡ್ಸ್ ಗಾಡಿ ತಗೊಂಡ್ರೆ ಮುಗೀತು. ವೈರ್ ಎಳೆದು ಗೋಡೆ ಸಾಕೆಟ್‌ಗೆ ಚುಚ್ಚು, ವಾರ ಪೂರ್ತಿ ಮನೆ ಬೆಳಗುತ್ತೆ." ಸಾಕ್ಷಿಗೆ ಮೊಬೈಲಿನಲ್ಲಿ ಅಮೆರಿಕದ ವಿಡಿಯೊ.

ಲೆಕ್ಕ ಅಷ್ಟೇನೂ ತಪ್ಪಲ್ಲ, ಅದೇ ತೊಂದರೆ. 2022ರಲ್ಲಿ ಬಂದ ಟಾಟಾ ಏಸ್ ಇವಿ ಬ್ಯಾಟರಿ 21.3 ಯೂನಿಟ್‌ನದು. ಮನೆಯ ಯುಪಿಎಸ್ಸಿನ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ನಾಲ್ಕು ಎಲ್‌ಇಡಿ, ಎರಡು ಫ್ಯಾನು, ಟಿವಿ, ಸಣ್ಣ ಫ್ರಿಜ್ಜಿಗೆ ದಿನಕ್ಕೆ ಮೂರ್ನಾಲ್ಕು ಯೂನಿಟ್ ಸಾಕು. ಹಗೇವು ತುಂಬಿದೆ, ನಿಜ. ಕಾಳು ತೆಗೆಯಲು ಬಾಯಿ ಎಲ್ಲಿದೆ?

ಬ್ಯಾಟರಿಯಲ್ಲಿರುವುದು ಡಿಸಿ, ಮನೆಗೆ ಬೇಕಾದದ್ದು ಎಸಿ. ಗಾಡಿಯೊಳಗಿನ ಸಾಮಾನ್ಯ ಚಾರ್ಜರ್ ಎಸಿಯನ್ನು ಡಿಸಿ ಮಾಡಿ ಒಳಗೆ ತುಂಬುತ್ತದೆ, ಅಷ್ಟೆ. ಹೊರಕ್ಕೆ ಕೊಡಬೇಕಾದರೆ ಕಂಪನಿಯೇ ಆ ವ್ಯವಸ್ಥೆ ಕೂರಿಸಿರಬೇಕು. ಅದರ ಹೆಸರು ವೆಹಿಕಲ್ ಟು ಲೋಡ್. 2023ರ ನೆಕ್ಸಾನ್ ಇವಿಯಲ್ಲಿ ಅದು ಬಂತು, 3.3 ಕೆವಿಎ ಮಟ್ಟಿಗೆ. ವಿಡಿಯೊದ ಫೋರ್ಡ್ ಎಫ್-150 ಲೈಟ್ನಿಂಗ್ 9.6 ಕಿಲೋವ್ಯಾಟ್ ಕೊಡುತ್ತದೆ. ಆದರೆ ಆ ಮನೆಯ ಗೋಡೆಯಲ್ಲಿ, ಬೀದಿ ಲೈನಿನಿಂದ ಮನೆಯನ್ನು ಬೇರ್ಪಡಿಸುವ ಪೆಟ್ಟಿಗೆಯೊಂದಿದೆ. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಆ ಪೆಟ್ಟಿಗೆಯಿಲ್ಲದೆ ಸಾಕೆಟ್ಟಿಗೆ ಚುಚ್ಚಿದರೆ? ಮೇನ್ ಇಳಿಸಲು ಮರೆತ ದಿನ ಕರೆಂಟು ಮೀಟರ್ ದಾಟಿ ಕಂಬಕ್ಕೆ, ಅಲ್ಲಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ ನುಗ್ಗುತ್ತದೆ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಅದೇ ಟಿಸಿ, ಹಿಂದಿನಿಂದ ಕೊಟ್ಟರೆ ಏರಿಸಿಯೂ ಕಳಿಸುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲಿರುತ್ತಾನೆ. ನಿಮ್ಮ ಮನೆಯ ಬೆಳಕಿಗೆ ಅವನ ಜೀವವೇ ಬೆಲೆಯಾದೀತು.

ಟೀ ಅಂಗಡಿಯ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಬೋರ್‌ವೆಲ್ ಓಡಿಸಬಹುದಂತೆ: 5 ಎಚ್‌ಪಿ ತ್ರೀಫೇಸ್ ಮೋಟರ್ ಓಡುವಾಗ ಬೇಕಾದದ್ದೇ 3.7 ಕಿಲೋವ್ಯಾಟ್, ಎದ್ದೇಳುವಾಗ ಅದರ ಹಲವು ಪಟ್ಟು. ಪುಕ್ಕಟೆಯಂತೆ: ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟಿಗೆ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್, ಏಸ್ ಇವಿಯನ್ನು ಹತ್ತು ಸಲ ಪೂರ್ತಿ ತುಂಬಿಸಿದರೆ ಅದೊಂದೇ 213. ಮಿತಿ ದಾಟಿದರೆ ಪೂರ್ತಿ ಬಿಲ್ಲು. ರೇಷ್ಮೆ ಮಗ್ಗಕ್ಕೆ ಅನುಕೂಲವಂತೆ: ಕೈಮಗ್ಗಕ್ಕೆ ಕರೆಂಟು ಯಾಕೆ ಬೇಕು ಮಾರಾಯರೇ, ನೇಯುವವರ ಕಣ್ಣಿಗೆ ಒಂದು ಬಲ್ಬು ಸಾಕು.

ಆಶ್ಚರ್ಯವೇನೂ ಇಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮೋಡ ಓಡಿಸುತ್ತವೆ ಎಂದು ನಂಬಿದವರೂ ನಾವೇ. ಗಾಳಿಯಂತ್ರ ಬರುವ ಎಷ್ಟೋ ಮೊದಲಿಂದಲೂ ಇದು ಮಳೆನೆರಳಿನ ಸೀಮೆ. ಪಕ್ಕದ ಚಳ್ಳಕೆರೆಯಲ್ಲಿ ವಿಜ್ಞಾನ ಸಂಸ್ಥೆಗಳು ಸಾಲಾಗಿ ಕೂತಿವೆ, ನಾವು ಮಾತ್ರ ವಾಟ್ಸಾಪ್ ನೋಡಿ ವೈರ್ ಕಟ್ಟುತ್ತೇವೆ. ಹುರಿಗಡಲೆ ಕೊಳ್ಳುವಾಗಲೂ ಎರಡು ಕಾಳು ಬಾಯಿಗೆ ಹಾಕಿ ನೋಡುವವರು, ಲಕ್ಷಗಟ್ಟಲೆಯ ಗಾಡಿ ಕೊಳ್ಳುವಾಗ "ಹೊರಕ್ಕೆ ಎಷ್ಟು ವ್ಯಾಟ್ ಕೊಡುತ್ತೆ?" ಎಂದು ಒಂದು ಮಾತು ಕೇಳುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಎರಡೂ ತುದಿಗೆ ಪಿನ್ ಕಟ್ಟಿದ ವೈರ್ ತಂದು ಹೆಮ್ಮೆಯಿಂದ ತೋರಿಸಿದ. ಕಟ್ಟರ್ ಕೇಳಿ ಇಸಕೊಂಡು ಒಂದು ತುದಿ ಕತ್ತರಿಸಿದೆ. ನನ್ನ ಮೇಲೆ ಇನ್ನೂ ಸಿಟ್ಟಿದೆಯಂತೆ, ಇರಲಿ.