ಕೈತಪ್ಪಿದ ಏಳನೆಯ ಪೆಟ್ಟು

2025ರ ಏಪ್ರಿಲ್‌ನಲ್ಲಿ ತಮ್ಮನಿಂದ ಕರೆ ಬಂತು. ಅವನ ಮಗ ದ್ವಿತೀಯ ಪಿಯು ಪರೀಕ್ಷೆಯ ಲೆಕ್ಕಶಾಸ್ತ್ರದಲ್ಲಿ ನಪಾಸಾಗಿದ್ದ. ಹಗಲಿರುಳೂ ಕಂಪ್ಯೂಟರಿನ ಮುಂದೆ ಕುಳಿತು ಬಡಿದಾಟದ ಆಟ ಆಡುತ್ತಾನೆ, ಅದನ್ನು ಮಾರುವ ಮುಂಚೆ ನೀನೊಮ್ಮೆ ಬಂದು ಬುದ್ಧಿ ಹೇಳು ಎಂಬುದು ತಮ್ಮನ ಅಹವಾಲು. ನಿವೃತ್ತ ಅಧಿಕಾರಿಗೆ ಬುದ್ಧಿ ಹೇಳುವುದಕ್ಕಿಂತ ಸುಲಭದ ಉದ್ಯೋಗ ಬೇರೆ ಯಾವುದಿದೆ? ಗಂಗಾವತಿ ತಾಲ್ಲೂಕಿನ ನಮ್ಮೂರು ಮರಳಿಗೆ ಹೊರಟೆ.

ಹುಡುಗ ಆಡುತ್ತಿದ್ದುದು ‘ಡ್ರ್ಯಾಗನ್ ಬಾಲ್ ಫೈಟರ್‌ಝೀ’. ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್ ಸಂಸ್ಥೆ ರೂಪಿಸಿದ, 2018ರಲ್ಲಿ ಹೊರಬಂದ ಆಟ. ಆ ದೇಶದ ‘ಅನಿಮೆ’ ಎಂಬ ಕಾರ್ಟೂನುಗಳ ವೀರರೇ ಅದರ ಕಾದಾಳುಗಳು. ಆದರೆ ಅವನ ತೆರೆಯ ಮೇಲೆ ಯುದ್ಧವೇ ನಡೆಯುತ್ತಿರಲಿಲ್ಲ. ಎದುರಾಳಿ ಗೊಂಬೆಯಂತೆ ನಿಂತಿದ್ದ. ಹುಡುಗ ಒಂದೇ ವರಸೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದ: ಹಗುರ ಪೆಟ್ಟು, ನಡು ಪೆಟ್ಟು, ಬಗ್ಗಿ ಬಲವಾದ ಪೆಟ್ಟು, ಎದುರಾಳಿ ಗಾಳಿಗೆ ಹಾರಿದೊಡನೆ ಬೆನ್ನಟ್ಟಿ ನೆಗೆದು ಮತ್ತೆ ಪೆಟ್ಟುಗಳ ಸರಮಾಲೆ. ಏಳನೆಯ ಪೆಟ್ಟಿಗೆ ಪ್ರತಿ ಸಲವೂ ಸರಪಳಿ ಕಡಿಯುತ್ತಿತ್ತು. ಬಯ್ಯಬೇಕೆಂದು ಹೋದವನು ಅವನ ಪಕ್ಕದಲ್ಲಿ ಕುಳಿತು ಎಣಿಸತೊಡಗಿದೆ. ನಲವತ್ತು ಸಲ ತಪ್ಪಿದ. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ.

ಇದಕ್ಕೆ ‘ಕಾಂಬೊ’ ಎನ್ನುತ್ತಾರೆ. ಒಂದು ಪೆಟ್ಟು ತಿಂದ ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬೀಳಬೇಕು. ಈ ಆಟಗಳಲ್ಲಿ ಸೆಕೆಂಡೊಂದನ್ನು 60 ಚಿತ್ರಗಳಾಗಿ ಒಡೆದಿರುತ್ತಾರೆ. ಕೆಲವೇ ಚಿತ್ರಗಳಷ್ಟು ಮೊದಲೋ ತಡವೋ ಆದರೆ ಪಟ್ಟು ಕೈತಪ್ಪುತ್ತದೆ. ಕಾಂಬೊ ಹುಟ್ಟಿದ್ದೂ ಒಂದು ಲೋಪದಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ ‘ಸ್ಟ್ರೀಟ್ ಫೈಟರ್-2’ ತಯಾರಿಸುತ್ತಿದ್ದಾಗ, ಕಾರೊಂದನ್ನು ಒಡೆಯುವ ಹಂತವನ್ನು ಪರೀಕ್ಷಿಸುತ್ತಿದ್ದ ನೊರಿಟಾಕಾ ಫುನಾಮಿಜು ಅವರಿಗೆ ಎರಡು ಪೆಟ್ಟುಗಳ ನಡುವೆ ಇನ್ನೊಂದು ನುಸುಳುವುದು ಕಂಡಿತು. ಅದನ್ನು ಅಳಿಸದೆ ಹಾಗೆಯೇ ಬಿಟ್ಟರು. ಒಂದು ಇಡೀ ವಿದ್ಯೆ ಅದರಿಂದ ಬೆಳೆಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ‘ಸ್ಟ್ರೀಟ್ ಫೈಟರ್-5’ ಪದಕದ ಸ್ಪರ್ಧೆಯೇ ಆಗಿತ್ತು.

ನನ್ನ ಬಾಲ್ಯದ ಗರಡಿ ನೆನಪಾಯಿತು. ಅಂಜನಾದ್ರಿ ಇರುವ ಸೀಮೆ ನಮ್ಮದು. ಗರಡಿಯ ಗೋಡೆಯಲ್ಲಿ ಹನುಮಪ್ಪನಿಲ್ಲದೆ ಸಾಮು ಶುರುವಾಗುತ್ತಿರಲಿಲ್ಲ. ವಸ್ತಾದರು ಇಡೀ ಪಟ್ಟನ್ನು ಒಮ್ಮೆಗೇ ಕಲಿಸುತ್ತಿರಲಿಲ್ಲ. ಮೊದಲು ಕಾಲಿಡುವ ಬಗೆ, ಆಮೇಲೆ ಕೈ ಹಿಡಿತ, ಕೊನೆಗೆ ಎಸೆತ. ಬಿದ್ದವನಿಗೆ ಯಾಕೆ ಬಿದ್ದೆ ಎಂಬುದು ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ತಿಳಿಯುತ್ತಿತ್ತು. ತಮ್ಮನ ಮಗನೂ ಅದನ್ನೇ ಮಾಡುತ್ತಿದ್ದ. ಹತ್ತು ಪೆಟ್ಟಿನ ಸರಪಳಿಯನ್ನು ಮೂರು ತುಂಡು ಮಾಡಿ, ಒಂದೊಂದನ್ನೂ ಬೆರಳಿಗೆ ಕೂರಿಸಿ, ಬಳಿಕ ಹೊಲಿಗೆ ಹಾಕುತ್ತಿದ್ದ.

ಮರುದಿನ ನಾನೂ ಕೈಯಿಟ್ಟೆ. ಗುಂಡಿಗಳನ್ನು ಆತುರದಿಂದ ಒತ್ತಿದ್ದನ್ನು ಕಂಡು ಅವನೆಂದ: “ದೊಡ್ಡಪ್ಪಾ, ಹಂಗಲ್ಲ, ತಡೀರಿ. ಮೊದಲನೇ ಪೆಟ್ಟು ಬಿತ್ತೋ ಇಲ್ಲೋ ನೋಡ್ಕೊಂಡು ಮುಂದ ಹೋಗ್ರಿ.” ಎದುರಾಳಿ ಮೊದಲ ಪೆಟ್ಟನ್ನು ತಡೆದಿದ್ದರೆ, ಅಲ್ಲಿಗೇ ನಿಲ್ಲಿಸಬೇಕಂತೆ, ಕಂಠಪಾಠ ಒಪ್ಪಿಸಿದಂತೆ ಮುಂದುವರಿದವನು ತಾನೇ ಪೆಟ್ಟು ತಿನ್ನುತ್ತಾನೆ. ಮೂವತ್ತು ವರ್ಷಗಳ ಸೇವೆಯಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಇಲಾಖೆಯೊಂದರಲ್ಲಿದ್ದಾಗ ಕೌಶಲ ತರಬೇತಿಗಳ ಮುಕ್ತಾಯ ವರದಿಗಳಿಗೆ ಸಾಲುಸಾಲಾಗಿ ರುಜು ಹಾಕಿದ್ದೇನೆ. ಹಾಜರಾತಿ ಇಷ್ಟು, ಪ್ರಮಾಣಪತ್ರ ಇಷ್ಟು, ವೆಚ್ಚ ಇಷ್ಟು. ಕಲಿತವನ ಕೈ ಎಲ್ಲಿ ತಪ್ಪಿತು ಎಂಬ ಕಲಂ ಆ ನಮೂನೆಯಲ್ಲಿ ಇರಲೇ ಇಲ್ಲ. ಮೊದಲ ಪೆಟ್ಟು ಬಿತ್ತೋ ಎಂದು ನೋಡದೆ ಎರಡನೆಯ ಕಂತು ಬಿಡುಗಡೆ ಮಾಡಿದವನು ನಾನು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಓದಿದ ಕೆನೆತ್ ಆ್ಯರೋ ಅವರ 1962ರ ಪ್ರಬಂಧವೂ ನೆನಪಿಗೆ ಬಂತು. ಕೆಲಸ ಮಾಡುತ್ತಲೇ ಕಲಿಯುವುದರ ಆರ್ಥಿಕ ಪರಿಣಾಮ ಅದರ ವಿಷಯ. ಸ್ವೀಡನ್ನಿನ ಹೋರ್ನ್‌ಡಾಲ್ ಕಬ್ಬಿಣದ ಕಾರ್ಖಾನೆಯಲ್ಲಿ 15 ವರ್ಷ ಹೊಸ ಬಂಡವಾಳ ಹೂಡದಿದ್ದರೂ ಒಂದು ತಾಸಿನ ದುಡಿಮೆಯ ಉತ್ಪಾದನೆ ವರ್ಷಕ್ಕೆ ಸರಾಸರಿ ಶೇ 2ರಷ್ಟು ಹೆಚ್ಚಿದ್ದನ್ನು ಅವರು ಉದಾಹರಿಸುತ್ತಾರೆ. ಯಂತ್ರ ಅದೇ, ಪಳಗಿದ್ದು ಕೈ. ಆದರೆ ಅದೇ ಪ್ರಬಂಧದಲ್ಲಿ ಒಂದು ಎಚ್ಚರಿಕೆಯೂ ಇದೆ: ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಬಿಡಿಸುವುದರಿಂದ ಆಗುವ ಕಲಿಕೆ ಬೇಗನೆ ಬತ್ತುತ್ತದೆ. ಆಟವೂ ಈ ನಿಯಮಕ್ಕೆ ಹೊರತಲ್ಲ. ಕಾಂಬೊ ಉದ್ದವಾದಂತೆ ಪ್ರತಿ ಪೆಟ್ಟಿನ ಬಲ ಕುಗ್ಗುತ್ತ ಹೋಗುವ ಹಾಗೆ ಅದನ್ನು ರೂಪಿಸಿದ್ದಾರೆ.

ಆಟವನ್ನು ಹೊಗಳಲು ಹೊರಟಿಲ್ಲ. ಪರೀಕ್ಷೆಯ ಹಿಂದಿನ ವಾರವೂ ರಾತ್ರಿ ಎರಡರವರೆಗೆ ಆಡಿದ್ದನ್ನು ಹುಡುಗ ತಾನಾಗಿ ಒಪ್ಪಿಕೊಂಡ. ತಮ್ಮನ ಸಿಟ್ಟು ಅಕಾರಣವಲ್ಲ. ನೀರು ಬಂದರೆ ಬೆಳೆ, ಬಾರದಿದ್ದರೆ ಸಾಲ ಎಂಬ ಕಾಲುವೆಯ ಬಾಳು ಅವನದು. ಆದರೂ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನಲವತ್ತು ಸಲ ತಪ್ಪಿ ನಲವತ್ತೊಂದನೆಯ ಸಲಕ್ಕೆ ಕೈಚಾಚುವ ಹುಡುಗ, ಲೆಕ್ಕಶಾಸ್ತ್ರದಲ್ಲಿ ಒಂದು ಸಲ ತಪ್ಪಿದ್ದಕ್ಕೆ ಪುಸ್ತಕವನ್ನೇ ಏಕೆ ಮುಚ್ಚಿಟ್ಟ? ಕೇಳಿದೆ. “ಆಟದಾಗ ಎಲ್ಲಿ ತಪ್ಪೀನಿ ಅಂತ ಗೊತ್ತಾಗ್ತದ್ರಿ. ಇಲ್ಲಿ ಬರೀ ನಪಾಸು ಅಂತದ.” ಜೊತೆಗೆ ಆಟದಲ್ಲಿ ತಪ್ಪಿದಾಗ ನೋಡಿ ನಗುವವರಿಲ್ಲ, ಅಂಕಪಟ್ಟಿಯನ್ನಾದರೋ ಇಡೀ ಓಣಿಯೇ ಓದುತ್ತದೆ.

ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆವು. ಪಾಲುದಾರಿಕೆ ಸಂಸ್ಥೆಗೆ ಹೊಸ ಪಾಲುದಾರನನ್ನು ಸೇರಿಸಿಕೊಳ್ಳುವ ದೊಡ್ಡ ಲೆಕ್ಕ ಅವನನ್ನು ಕೆಡವಿತ್ತು. ಪುನರ್‌ಮೌಲ್ಯಮಾಪನ ಖಾತೆಯಿಂದ ಬಂಡವಾಳ ಖಾತೆಗೆ, ಅಲ್ಲಿಂದ ಆಸ್ತಿ-ಜವಾಬ್ದಾರಿ ತಖ್ತೆಗೆ ಸಾಗುವ ಸರಪಳಿ ಅದು. ಹಳೆಯ ಪಾಲುದಾರರಿಗೆ ಲಾಭ ಹಂಚುವಾಗ ಹೊಸ ಅನುಪಾತ ಬಳಸಿದ್ದ, ಮುಂದಿನದೆಲ್ಲ ಕುಸಿದಿತ್ತು. ಹುಡುಗ ಕಾಗದವನ್ನು ದಿಟ್ಟಿಸಿ, “ಇದು ಏಳನೇ ಪೆಟ್ಟು, ದೊಡ್ಡಪ್ಪಾ” ಎಂದ. ಆ ಒಂದು ತುಂಡನ್ನೇ ಬಿಡಿಸಿ, ಅಂಕಿ ಬದಲಿಸಿ, ಸಂಜೆಗೆ ಹತ್ತರಂತೆ ಮಾಡಿದೆವು. ಆಟಕ್ಕೆ ರಾತ್ರಿ ಒಂದು ಗಂಟೆಯ ಅವಧಿ ಎಂದು ತಮ್ಮನೊಡನೆ ಒಪ್ಪಂದವಾಯಿತು.

ಜೂನ್‌ನಲ್ಲಿ ನಡೆದ ಪರೀಕ್ಷೆ-3ರಲ್ಲಿ ಅವನು ಉತ್ತೀರ್ಣನಾದ; ಹೇಳಿಕೊಳ್ಳುವಂಥ ಅಂಕಗಳೇನೂ ಬರಲಿಲ್ಲ. ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ 2024ರಲ್ಲಿ ಆರಂಭವಾದದ್ದು ಒಳ್ಳೆಯದೇ ಆಯಿತು. ಆದರೆ ಮೂರು ಸಲ ಅಖಾಡಕ್ಕೆ ಇಳಿಸಿದ ಮಾತ್ರಕ್ಕೆ ಕುಸ್ತಿ ಬಾರದು. ಎರಡು ಪಂದ್ಯಗಳ ನಡುವೆ ಪಟ್ಟು ಎಲ್ಲಿ ಸಡಿಲಾಯಿತೆಂದು ತೋರಿಸುವ ವಸ್ತಾದರೂ ಬೇಕು. ನಪಾಸಾದ ಪ್ರತಿಯೊಬ್ಬ ವಿದ್ಯಾರ್ಥಿಗೂ ಅವನ ಉತ್ತರಪತ್ರಿಕೆಯನ್ನು ಶುಲ್ಕವಿಲ್ಲದೆ ಕೊಟ್ಟು, ಅಧ್ಯಾಪಕರೊಬ್ಬರು ಒಂದು ತಾಸು ಜೊತೆಗೆ ಕುಳಿತರೆ ಸರ್ಕಾರಕ್ಕೆ ತಗಲುವ ವೆಚ್ಚವೆಷ್ಟು? ಸೇವೆಯಲ್ಲಿದ್ದಾಗ ಈ ಟಿಪ್ಪಣಿಯನ್ನು ಕಡತದಲ್ಲಿ ಬರೆಯಬೇಕಿತ್ತು. ಆಗ ತೋಚಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ.