ಆರ್ಕ್ಟಿಕ್ ವೃತ್ತದಾಚೆ ಸೌರವಿದ್ಯುತ್ತು
ಕೆನಡಾದ ಯೂಕಾನ್ ಪ್ರದೇಶದ ಉತ್ತರ ಭಾಗದಲ್ಲಿ, ಆರ್ಕ್ಟಿಕ್ ವೃತ್ತಕ್ಕೂ ಆಚೆ, ಪೊರ್ಕ್ಯುಪೈನ್ ನದಿಯ ದಂಡೆಯಲ್ಲಿರುವ ಓಲ್ಡ್ ಕ್ರೋ ಎಂಬ ಪುಟ್ಟ ಊರಿಗೆ ಕಾಯಂ ರಸ್ತೆಯೇ ಇಲ್ಲದ ಕಾರಣ, ವಿದ್ಯುತ್ ಉತ್ಪಾದನೆಗೆ ಬೇಕಾದ ಡೀಸೆಲ್ಲನ್ನೂ ವಿಮಾನದಲ್ಲಿ ತರಿಸಬೇಕಾಗಿದೆ. ಅಲ್ಲಿನ ಮೂಲನಿವಾಸಿಗಳಾದ ವುಂಟುಟ್ ಗ್ವಿಚಿನ್ ಜನರ ಸರ್ಕಾರವು 2021ರಲ್ಲಿ ಚಾಲನೆಗೆ ತಂದ 940 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು ಊರಿನ ವಾರ್ಷಿಕ ಬೇಡಿಕೆಯ ಸುಮಾರು ಕಾಲು ಭಾಗ ಪೂರೈಸುವಂತೆ ರೂಪಿಸಲಾಗಿದೆ.

ಬೇಸಿಗೆಯಲ್ಲಿ ಹಲವು ವಾರ ಸೂರ್ಯ ಮುಳುಗದೆ ದಿಗಂತದ ಸುತ್ತಲೂ ಸಾಗುವುದರಿಂದ, ಫಲಕಗಳನ್ನು ಎಂದಿನಂತೆ ದಕ್ಷಿಣಕ್ಕೆ ತಿರುಗಿಸದೆ ಪೂರ್ವಕ್ಕೂ ಪಶ್ಚಿಮಕ್ಕೂ ಮುಖಮಾಡಿಸಲಾಗಿದ್ದು, ಇದರಿಂದ ಉತ್ಪಾದನೆ ನಡುಹಗಲಲ್ಲಷ್ಟೇ ಉಕ್ಕದೆ ದಿನದುದ್ದಕ್ಕೂ ಹಂಚಿಕೆಯಾಗುತ್ತದೆ. ಚಳಿಯೇ ಅಡ್ಡಿ ಎಂಬ ಅನಿಸಿಕೆ ಸರಿಯಲ್ಲ. ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಕೋಶಗಳು ತಣ್ಣಗಿದ್ದಷ್ಟೂ ಅವುಗಳ ವೋಲ್ಟೇಜು ಹೆಚ್ಚುತ್ತದೆ, ವಸಂತದ ಹಿಮವಂತೂ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಪ್ರತಿಫಲಿಸಿ ಫಲಕಗಳಿಗೆ ಇನ್ನಷ್ಟು ಬೆಳಕು ಒದಗಿಸುತ್ತದೆ.

ನಿಜವಾದ ತೊಡಕೆಂದರೆ ಸೂರ್ಯನೇ ಮೂಡದ ಚಳಿಗಾಲ: ಬ್ಯಾಟರಿಗಳು ಅಲ್ಪಾವಧಿಯ ಏರಿಳಿತವನ್ನು ಸರಿದೂಗಿಸಬಲ್ಲವೇ ಹೊರತು ಜೂನಿನ ಬೆಳಕನ್ನು ಡಿಸೆಂಬರಿಗೆ ಕಾಯ್ದಿಡಲಾರವು, ಹಾಗಾಗಿ ಆಗ ಡೀಸೆಲ್ಲೇ ಗತಿ. ಆದರೂ ಬೇಸಿಗೆಯ ಬಿಸಿಲಿನಲ್ಲಿ ಜನರೇಟರುಗಳನ್ನು ಪೂರ್ತಿ ನಿಲ್ಲಿಸಲು ಸಾಧ್ಯವಾಗಿರುವುದೂ, ಅದಕ್ಕಿಂತ ಮುಖ್ಯವಾಗಿ, ವಿದ್ಯುತ್ ಮಾರಾಟದ ಹಣ ಊರಿನವರ ಸರ್ಕಾರಕ್ಕೇ ಸೇರುತ್ತಿರುವುದೂ ಈ ಯೋಜನೆಯ ದೊಡ್ಡ ಸಾಧನೆಗಳು.